ಬಿ ಅರವತ್ತೆರಡು

ಪತ್ರಿಕೆಯ ಜಿಲ್ಲಾ ಪುಟದಲ್ಲಿ ಮೂರು ಕಾಲಮ್ಮಿನ ಸುದ್ದಿ, ಜೊತೆಗೆ ಫೋಟೋ. ಸುರಪುರದ ಫಿಟ್ಟರ್ ಶಾಂತಕುಮಾರ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ತಾನೇ ಒಂದು ಕಾರು ಕಟ್ಟುತ್ತಿದ್ದಾನೆ ಎಂಬುದು ಸುದ್ದಿ. ಹೊಲಕ್ಕೆ ನೀರೆತ್ತುವ ಡೀಸೆಲ್ ಇಂಜಿನ್ನು, ಗುಜರಿಗೆ ಹೋಗಬೇಕಿದ್ದ ಆಟೋದ ಹಿಂದಿನ ಅಚ್ಚು, ಹಳೆ ಸ್ಕೂಟರುಗಳ ಎರಡು ಮುಂಗಾಲಿ, ಹೀಗೆ ಸಿಕ್ಕಿದ್ದನ್ನು ಕೂಡಿಸಿ ಮಾಡಿದ ಗಾಡಿ. ಶಹಾಪುರದ ಬಸ್ ನಿಲ್ದಾಣದ ಎದುರಿಗಿದ್ದ ತನ್ನ ಬೆಲ್ಟು-ಬೇರಿಂಗ್ ಅಂಗಡಿಯಲ್ಲಿ ಕೂತು ಸಂಗಮನಾಥ ಇದನ್ನೆಲ್ಲ ಸಮಾಧಾನದಿಂದಲೇ ಓದಿದ. ಕೊನೆಯ ಸಾಲಿಗೆ ಬಂದಾಗ ಮಾತ್ರ ಚಹಾದ ಕಪ್ಪನ್ನು ಕೆಳಗಿಟ್ಟ. ಈ ಭಾಗದಲ್ಲಿ ಇಂಥ ಪ್ರಯತ್ನ ಇದೇ ಮೊದಲು ಎಂದು ಬರೆದಿದ್ದರು.

ಇದೇ ಮೊದಲಂತೆ! ಇಪ್ಪತ್ತಾರು ವರ್ಷದ ಕೆಳಗೆ ಇದೇ ರಸ್ತೆಯ ಮೇಲೆ, ಇದೇ ಬಸ್ ನಿಲ್ದಾಣದ ಮುಂದೆ, ಸಂಗಮನಾಥ ತಾನೇ ಕಟ್ಟಿದ ಮೂರು ಗಾಲಿಯ ಗಾಡಿಯನ್ನು ಓಡಿಸಿದ್ದ. ಓಡಿಸಿದ್ದ ಎನ್ನುವುದು ಅವನ ಮಾತು. ನೋಡಿದವರ ಮಾತಿನಲ್ಲಿ ಅದು ನೂರು ಹೆಜ್ಜೆ ಹೋಗಿ ನಿಂತಿತು. ಅಂದು ಬೆಳಿಗ್ಗೆಯೇ ಹಾಕಿದ ಹೊಚ್ಚ ಹೊಸ ಬೆಲ್ಟು ಪುಲ್ಲಿಯ ಮೇಲೆ ಜಾರಿ, ಕಾದು, ಹೊಗೆ ಬಿಟ್ಟು ಸುಟ್ಟುಹೋಯಿತು. ಬಸ್ಸಿಗೆ ಕಾದಿದ್ದ ಜನ ಮೂಗು ಮುಚ್ಚಿಕೊಂಡು ನಕ್ಕರು. ಒಂದು ವರ್ಷ ಅವನಿಗೆ ‘ರಬ್ಬರ್ ಸಂಗ್ಯಾ’ ಎಂಬ ಹೆಸರು ಅಂಟಿಕೊಂಡಿತು. ಗಾಡಿ ಗುಜರಿಗೆ ಹೋಯಿತು, ಅವನು ಬೆಲ್ಟಿನ ಅಂಗಡಿ ತೆರೆದ. ತನ್ನ ಮರ್ಯಾದೆ ಸುಟ್ಟ ಆ ವಸ್ತುವನ್ನು ತನ್ನಷ್ಟು ಬಲ್ಲವರು ಮೂರು ತಾಲೂಕಿನಲ್ಲಿ ಇರಬಾರದೆಂದು ಹಟ ಹಿಡಿದ. ಹಟ ಸಾಧಿಸಿದ ಕೂಡ. ಈಗ ಅವನು ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಬೆಲ್ಟನ್ನು ಒತ್ತಿ, ಅದರ ಅಳತೆಯನ್ನೂ ವಯಸ್ಸನ್ನೂ ಹೇಳಬಲ್ಲ.

ಆ ಶಾಂತ್ಯಾನಾದರೂ ಹೊರಗಿನವನೇ? ಯಾದಗಿರಿಯ ಮೈನುದ್ದೀನ ಉಸ್ತಾದರ ವರ್ಕ್‌ಶಾಪಿನಲ್ಲಿ ಇಬ್ಬರೂ ಒಟ್ಟಿಗೆ ಕೆಲಸ ಕಲಿತವರು. ಸಂಗಮನಾಥ ಎರಡು ವರ್ಷ ದೊಡ್ಡವನು. ಅವನನ್ನು ಉಸ್ತಾದರು ಸಾಮಾನಿನ ಕಪಾಟಿನ ಹತ್ತಿರ, ಫ್ಯಾನಿನ ಕೆಳಗೆ ಕೂಡಿಸುತ್ತಿದ್ದರು. ಬಿಸಿಲಲ್ಲಿ ಅಡ್ಡಾಡುವುದು, ಇಂಜಿನ್ನಿನ ಕೆಳಗೆ ನುಸುಳುವುದು, ಹೊಸ ಬೆಲ್ಟನ್ನು ಪಕ್ಕದ ಗಿರಣಿಗೆ ಒಯ್ದು ಮರುದಿನ ವಾಪಸು ಬಿಚ್ಚಿ ತರುವುದು, ಇಂಥ ಹಮಾಲಿ ಕೆಲಸವೆಲ್ಲ ಶಾಂತಕುಮಾರನ ಪಾಲಿಗೆ. ನೆರಳಲ್ಲಿ ಕೂತ ತಾನೇ ಉಸ್ತಾದರಿಗೆ ಹತ್ತಿರದವನೆಂದು ಸಂಗಮನಾಥ ನಂಬಿದ್ದ. ಗಾಡಿಯ ಬೆಲ್ಟು ಸುಟ್ಟ ವಾರ ಉಸ್ತಾದರು ನಾಲ್ಕು ಜನರೆದುರು ಒಂದು ಮಾತು ಅಂದರು: “ಸಂಗ್ಯಾಗ ಸಾಮಾನ ಗೊತ್ತದ. ಶಾಂತ್ಯಾಗ ಮಶೀನ ಗೊತ್ತದ.” ಹೋದ ವರ್ಷ ಉಸ್ತಾದರು ತೀರಿಕೊಂಡಾಗ ಅವರ ಅಳತೆಯ ಉಪಕರಣಗಳ ಕಬ್ಬಿಣದ ಪೆಟ್ಟಿಗೆ ಸುರಪುರಕ್ಕೆ ಹೋಯಿತು. ಸಂಗಮನಾಥನಿಗೆ ಯಾರೂ ಒಂದು ಸ್ಪ್ಯಾನರನ್ನೂ ಕೊಡಲಿಲ್ಲ.

ಪತ್ರಿಕೆ ಬಂದ ನಾಲ್ಕನೆಯ ದಿನ ಶಾಂತಕುಮಾರ ತಾನಾಗಿಯೇ ಅಂಗಡಿಯ ಮೆಟ್ಟಿಲು ಹತ್ತಿ ಬಂದ. ಅಂಗಿಯ ಜೇಬಿನಿಂದ ಎರಡು ಗಂಟು ಹಾಕಿದ ಸುತಳಿ ತೆಗೆದು ಕೌಂಟರಿನ ಮೇಲಿಟ್ಟ.

“ಸಂಗಣ್ಣ, ಹಿಂದಿನ ಅಚ್ಚಿಗೆ ಒಂದು ಬೆಲ್ಟು ಬೇಕು. ಎರಡು ಹಾಕಿ ನೋಡೇನಿ. ಒಂದು ಜಾರತದ, ಇನ್ನೊಂದು ಕಾಯತದ. ನೀನೇ ಆರಿಸಿ ಕೊಡು. ನಿನ್ನ ಬಿಟ್ಟು ಇದನ್ನ ಯಾರಿಗಿ ಕೇಳಲಿ?”

ಸುತಳಿಯನ್ನು ಅಳೆದರೆ ಅರವತ್ತೆರಡು ಇಂಚು. ಬಿ ಅರವತ್ತೆರಡು. ಊರಿನ ಅರ್ಧ ಹಿಟ್ಟಿನ ಗಿರಣಿಗಳಲ್ಲಿ ಓಡುವ ಅಳತೆ ಅದು, ಗೋಡೆಯ ಮೊಳೆಗೆ ಹತ್ತಿಪ್ಪತ್ತು ಯಾವಾಗಲೂ ತೂಗಾಡುತ್ತಿರುತ್ತವೆ. ಒಂದನ್ನು ಇಳಿಸಿ ಕೊಟ್ಟಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಸಂಗಮನಾಥನಿಗೆ ಆ ಗಾಡಿಯನ್ನು ಕಣ್ಣಾರೆ ನೋಡಬೇಕಿತ್ತು.

“ಗಾಡಿ ನೋಡಲಾರದ ಬೆಲ್ಟು ಹೇಳಂಗಿಲ್ಲ,” ಎಂದ.

ಮರುದಿನ ಸುರಪುರಕ್ಕೆ ಹೋದ. ಗುಡ್ಡದ ಬುಡದಲ್ಲಿ ಶಾಂತಕುಮಾರನ ಮನೆ, ಮನೆಯ ಹಿಂದೆ ಶೆಡ್ಡು. ಗಾಡಿ ಚೆನ್ನಾಗಿರಬಾರದೆಂದು ಅವನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಹಾರೈಸಿಕೊಂಡು ಬಂದಿದ್ದ. ಗಾಡಿ ಚೆನ್ನಾಗಿತ್ತು. ಬೆಸುಗೆಗಳು ಸಾಪಾಗಿದ್ದವು. ಎರಡು ಪುಲ್ಲಿಗಳೂ ಒಂದೇ ನೇರದಲ್ಲಿ ಕೂತಿದ್ದವು. ಶೆಡ್ಡಿನ ಹಲಗೆಯ ಮೇಲೆ ಉಸ್ತಾದರ ಕಬ್ಬಿಣದ ಪೆಟ್ಟಿಗೆ, ಎಣ್ಣೆ ಒರೆಸಿ ಇಟ್ಟದ್ದು. ಸಂಗಮನಾಥ ಅದರ ಕಡೆ ನೋಡದೆ ಗಾಡಿಯ ಕೆಳಗೆ ಬಗ್ಗಿದ. ಬೆಲ್ಟಿನ ದಾರಿ ಹಿಡಿದು ಕಣ್ಣು ಓಡಿಸಿದ.

ಇಂಜಿನ್ನಿನಿಂದ ಒಂದು ಬೆಲ್ಟು ನಡುವಿನ ಶಾಫ್ಟಿಗೆ, ಅಲ್ಲಿಂದ ಇನ್ನೊಂದು ಬೆಲ್ಟು ಹಿಂದಿನ ಅಚ್ಚಿಗೆ. ಬ್ರೇಕಿನ ಡ್ರಮ್ಮನ್ನು, ಹಿಂದೆ ಜಾಗ ಸಾಲದೆ, ನಡುವಿನ ಶಾಫ್ಟಿಗೆ ಕೂಡಿಸಿದ್ದ. ಮುಂಗಾಲಿಗಳಿಗೆ ಬ್ರೇಕು ಹಾಕಿರಲಿಲ್ಲ. ಎಂದರೆ ಹಿಂದಿನ ಬೆಲ್ಟು ಇರುವ ತನಕ ಬ್ರೇಕೂ ಇದೆ. ಅದು ಹರಿದರೆ ಎಳೆತವೂ ಹೋಯಿತು, ತಡೆಯೂ ಹೋಯಿತು. ಏರಿನಲ್ಲಿ ಹರಿದರೆ ಗಾಡಿ ಹಿಂದಕ್ಕೆ ಉರುಳುತ್ತದೆ, ಒಳಗೆ ಕೂತವನು ಪೆಡಲು ಎಷ್ಟು ತುಳಿದರೂ ಅಷ್ಟೇ. ಇಷ್ಟು ಬುದ್ಧಿವಂತನಿಗೆ ಇದು ಹೊಳೆದಿಲ್ಲ. ಹೇಳಬೇಕು ಎಂದು ಬಾಯಿ ತೆರೆದದ್ದು ನಿಜ. ಬೇರೆ ಯಾರೇ ಆಗಿದ್ದರೂ ಹೇಳಿರುತ್ತಿದ್ದ.

ಅಷ್ಟರಲ್ಲಿ ಶಾಂತಕುಮಾರನ ತಾಯಿ ಅಯ್ಯಮ್ಮ ಗೋಡೆ ಹಿಡಿದುಕೊಂಡು ಚಹಾ ತಂದಳು. ವರ್ಕ್‌ಶಾಪಿನ ದಿನಗಳಲ್ಲಿ ಅವಳ ಬುತ್ತಿಯಲ್ಲಿ ಯಾವಾಗಲೂ ಸಂಗಮನಾಥನಿಗೆ ಎರಡು ರೊಟ್ಟಿ ಹೆಚ್ಚಿಗೆ ಇರುತ್ತಿದ್ದವು.

“ಸಂಗಪ್ಪ, ಬಸ್ಸಿನ ಮೆಟ್ಟಲ ಏರಾಕ ಆಗವಲ್ದಪ ನನಗ. ಕೊಡೇಕಲ್ಲಿಗಿ ಹೋಗಿ ಮೂರು ವರ್ಷ ಆತು. ಇದರಾಗ ಕರ್ಕೊಂಡು ಹೋಗ್ತೀನಿ ಅಂತಾನ ಇವ. ನೀ ನೋಡಿ ಹೂಂ ಅಂದ್ರ ನಾ ಧೈರ್ಯದಿಂದ ಕೂಡ್ತೀನಿ.”

“ಹೂಂ ಅಂತೀನಿ ಬಿಡವ್ವ,” ಎಂದ ಸಂಗಮನಾಥ. ಹೇಳಬೇಕಿದ್ದ ಮಾತನ್ನು ಚಹಾದ ಜೊತೆ ನುಂಗಿದ.

“ಮುಂದಿನ ಐತಾರ ಸಂಜಿ ಐದಕ್ಕ ಗುಡ್ಡ ಏರಿಸ್ತೀನಿ,” ಎಂದ ಶಾಂತಕುಮಾರ. “ಆ ಏರು ಏರಿತಂದ್ರ ಕೊಡೇಕಲ್ಲೇನು, ನಾರಾಯಣಪುರದ ಡ್ಯಾಮಿನ ತನಕಾನೂ ಹೋಗತದ.”

ಶಹಾಪುರದ ಬಸ್ಸಿಗೆ ಇನ್ನೂ ಮುಕ್ಕಾಲು ತಾಸು ಇತ್ತು. ಸಂಗಮನಾಥ ಗುಡ್ಡದ ರಸ್ತೆಯನ್ನು ತಾನೇ ಹತ್ತಿ ನೋಡಿದ. ಬುಡದಿಂದ ನೂರ ಎಂಬತ್ತು ಹೆಜ್ಜೆಗೆ ಏರು ಕಡಿದಾಗುತ್ತದೆ. ಇನ್ನೂರ ಹತ್ತಕ್ಕೆ ತಿರುವು. ತಿರುವಿನ ಕೆಳಗೆ ಕಟ್ಟೆಯಿಲ್ಲ, ಎಮ್ಮೆಗಾತ್ರದ ಬಂಡೆಗಳಿವೆ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಅವನು ಕೊಲೆ ಎಂಬ ಪದವನ್ನು ಒಮ್ಮೆಯೂ ಮನಸ್ಸಿನಲ್ಲಿ ಉಚ್ಚರಿಸಲಿಲ್ಲ. ಬೆಲ್ಟಿನ ಬಗ್ಗೆಯಷ್ಟೇ ಯೋಚಿಸುತ್ತಿದ್ದೇನೆ ಎಂದುಕೊಂಡ.

ಬೆಲ್ಟಿನ ಬಗ್ಗೆ ಯೋಚಿಸುವುದು ಅವನಿಗೆ ಸುಖದ ಕೆಲಸ. ಬಡಕಲು ಬೆಲ್ಟು ಕೊಟ್ಟರೆ ಅದು ಹರಿಯುವುದಿಲ್ಲ, ಜಾರುತ್ತದೆ. ಜಾರಿದರೆ ವಾಸನೆ ಬರುತ್ತದೆ, ಶಾಂತ್ಯಾನ ಮೂಗು ಬಲು ಚುರುಕು. ಒಂದು ಅಳತೆ ಕಡಿಮೆಯದನ್ನು ಕೊಟ್ಟರೆ ಪುಲ್ಲಿಯ ತೋಡಿನಲ್ಲಿ ಒಳಗಿಳಿದು ಕೂರುತ್ತದೆ, ಕಣ್ಣಿಗೆ ಬೀಳುತ್ತದೆ. ಹಳೆಯ ದಾಸ್ತಾನಿನದು ಕೊಟ್ಟರೆ ಬಗ್ಗಿಸಿದಾಗ ಬೆನ್ನ ಮೇಲೆ ಬಿರುಕು ಕಾಣುತ್ತದೆ. ಹಾಗಾದರೆ ಬೆಲ್ಟು ಒಳ್ಳೆಯದೇ ಆಗಿರಬೇಕು, ಅಂಗಡಿಯಲ್ಲಿರುವ ಎಲ್ಲಕ್ಕಿಂತ ಒಳ್ಳೆಯದು. ಜಾರಬಾರದು, ಕಾಯಬಾರದು, ಸಮನೆಲದ ಮೇಲೆ ಒಂದರ್ಧ ತಾಸು ಗಟ್ಟಿಯಾಗಿ ಎಳೆಯಬೇಕು. ಭಾರ ಪೂರ್ತಿ ಬಿದ್ದಾಗ ಮಾತ್ರ ಒಂದೇ ಏಟಿಗೆ ಹರಿಯಬೇಕು.

ಉತ್ತರ ಅಂಗಡಿಯ ಮೇಲಿನ ಹಲಗೆಯಲ್ಲಿಯೇ ಇತ್ತು. ಹಲ್ಲು ಬೆಲ್ಟು. ಒಳಮೈಗೆ ಸಾಲಾಗಿ ಕಚ್ಚು ತೆಗೆದದ್ದು, ಸಣ್ಣ ಪುಲ್ಲಿಯ ಮೇಲೂ ಸಲೀಸಾಗಿ ಬಾಗುತ್ತದೆ, ಬೇಗ ಕಾಯುವುದಿಲ್ಲ. ಶಾಂತಕುಮಾರನ ಗಾಡಿಗೆ ಇದಕ್ಕಿಂತ ತಕ್ಕ ಬೆಲ್ಟು ಭೂಮಿಯ ಮೇಲಿಲ್ಲ, ಕೇಳಿದವನಿಗೆ ಪ್ರಾಮಾಣಿಕವಾಗಿ ಹೇಳಬೇಕಾದ ಉತ್ತರವೂ ಇದೇ. ಆದರೆ ಹಲ್ಲು ಹಲ್ಲಿನ ಸಂದಿಯಲ್ಲಿ ರಬ್ಬರು ತೆಳು. ಅಲ್ಲಿ ಬ್ಲೇಡಿನ ತುದಿ ಇಳಿಸಿದರೆ ಭಾರ ಹೊರುವ ದಾರಗಳು ಸಿಗುತ್ತವೆ. ಪುಲ್ಲಿಯ ಮೇಲೆ ಬಾಗಿದಾಗ ಹಲ್ಲುಗಳು ಒತ್ತೊತ್ತಾಗಿ ಕೂತು ಕೊಯ್ತ ಮುಚ್ಚಿಕೊಳ್ಳುತ್ತದೆ. ಇಷ್ಟು ಸೊಗಸಾದ ಯೋಚನೆ ತನ್ನ ಜೀವನದಲ್ಲಿ ಹಿಂದೆ ಬಂದಿರಲಿಲ್ಲ ಎಂದು ಸಂಗಮನಾಥನಿಗೆ ಅನ್ನಿಸಿತು. ಅದನ್ನು ಯಾರಿಗೂ ಹೇಳುವಂತಿಲ್ಲ ಎಂಬುದೊಂದೇ ಬೇಸರ.

ಅಂದು ಮನೆಯಲ್ಲಿ ಊಟಕ್ಕೆ ಕೂತಾಗಲೂ ಅವನ ಬೆರಳು ತಟ್ಟೆಯ ಅಂಚಿನಲ್ಲಿ ಹಲ್ಲುಗಳನ್ನು ಎಣಿಸುತ್ತಿತ್ತು. ಹೆಂಡತಿ ಕಸ್ತೂರಿ ರೊಟ್ಟಿ ಬಡಿಸಿದಳು. ಅವಳ ಹುಬ್ಬಿನ ಮೇಲೆ ಹಿಟ್ಟು. ಮನೆಯ ಮುಂದಿನ ಕೋಣೆಯಲ್ಲಿ ಅವಳದೊಂದು ಸಣ್ಣ ಹಿಟ್ಟಿನ ಗಿರಣಿ ಇದೆ, ಓಣಿಯ ಜೋಳವೆಲ್ಲ ಅಲ್ಲಿಗೇ ಬರುತ್ತದೆ. ಹಿಟ್ಟಿನ ಧೂಳು ಮೂಗಿಗೆ ಹೋದರೆ ಸಂಗಮನಾಥನಿಗೆ ಅರ್ಧ ದಿನ ಸೀನು ನಿಲ್ಲುವುದಿಲ್ಲ, ಆದ್ದರಿಂದ ಅವನು ಹಿತ್ತಿಲ ಬಾಗಿಲಿನಿಂದಲೇ ಮನೆಗೆ ಬಂದು ಹೋಗುತ್ತಾನೆ. ಆ ಕೋಣೆಗೆ ಕಾಲಿಟ್ಟು ಎರಡು ವರ್ಷವಾಗಿರಬೇಕು.

“ಊರ ಮಂದಿಗೆಲ್ಲ ಬೆಲ್ಟು ಮಾರ್ತೀರಿ,” ಎಂದಳು ಕಸ್ತೂರಿ, “ನಮ್ಮ ಗಿರಣಿ ಬೆಲ್ಟಿಗಿ ಒಂದು ಜಾಲರಿ ಮುಚ್ಚಿಸಿ ಕೊಡ್ರಿ ಅಂತ ಎಷ್ಟು ದಿನದಿಂದ ಹೇಳಾಕತ್ತೇನಿ. ಹಳೀದು ಮುರಿದು ವರ್ಷ ಆತು. ಸೆರಗು ಸಿಕ್ಕೀತೇನೋ ಅಂತ ಜೀವ ಹೊಡ್ಕೋತದರಿ.”

“ಈ ಐತಾರ ಒಂದು ಮುಗೀಲಿ. ಸೋಮವಾರ ನಾನೇ ನಿಂತು ಹಾಕಿಸ್ತೀನಿ.”

“ಐತಾರ ಏನದ?”

“ಯಾದಗಿರ್ಯಾಗ ನಮ್ಮ ದೋಸ್ತ ಭೀಮರಾಯನ ಹೊಸ ಮನಿ ವಾಸ್ತು. ನೀನೂ ಬಾ.”

“ಐತಾರ ಗಿರಣಿ ಬಂದ್ ಮಾಡಿ ಬರಾಕ ಆಗತದೇನು? ವಾರದ ಗಿರಾಕಿ ಎಲ್ಲ ಅವತ್ತೇ ಬರೋದು. ನೀವು ಹೋಗಿ ಬರ್ರಿ.”

ಅವನು ಒತ್ತಾಯ ಮಾಡಲಿಲ್ಲ. ಕಸ್ತೂರಿಯ ಮುಂದೆ ಎರಡು ದಿನ ಮುಖ ಸರಿಯಾಗಿ ಇಟ್ಟುಕೊಳ್ಳುವುದು ಕಷ್ಟ, ಅದೊಂದು ತಪ್ಪಿದರೆ ಒಳ್ಳೆಯದೇ ಎಂದುಕೊಂಡ. ಮಕ್ಕಳಿಲ್ಲದ ಮನೆ, ಇರುವವರು ಇಬ್ಬರೇ. ರಬ್ಬರ್ ಸಂಗ್ಯಾ ಎಂದು ಊರು ನಗುತ್ತಿದ್ದ ವರ್ಷವೇ ಮದುವೆಯಾಗಿ ಬಂದವಳು ಅವಳು. ಆ ಹೆಸರನ್ನು ಕೋಪ ಬಂದಾಗಲೂ ಒಮ್ಮೆಯೂ ಬಾಯಿಗೆ ತಂದಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ, ಬಿಸಿಲಿಗೆ ಪೇಟೆಯೆಲ್ಲ ಮಲಗಿದ್ದಾಗ, ಶಟರನ್ನು ಅರ್ಧ ಎಳೆದು ಅವನು ಕೆಲಸಕ್ಕೆ ಕೂತ. ಹಲ್ಲಿನ ಬೆಲ್ಟು, ಬಿ ಅರವತ್ತೆರಡು, ಕಾಗದದ ಪಟ್ಟಿ ಇನ್ನೂ ಬಿಚ್ಚಿರಲಿಲ್ಲ. ಹೊಸ ಬ್ಲೇಡು. ಒಂದು ಸಂದಿಯಲ್ಲಿ ಕೊಯ್ದ, ಪಕ್ಕದ ಸಂದಿಯಲ್ಲಿ ಸ್ವಲ್ಪ ಓರೆಯಾಗಿ ಕೊಯ್ದ, ಮತ್ತೊಂದರಲ್ಲಿ ಇನ್ನಷ್ಟು ಓರೆ. ನಡುವಿನ ಕೆಲವು ದಾರಗಳನ್ನು ಹಾಗೆಯೇ ಉಳಿಸಿದ. ಹರಿದಾಗ ಅದು ನೇರ ಕೊಯ್ದಂತೆ ಕಾಣಬಾರದು, ಕಿತ್ತು ಬಂದಂತೆ ಕಾಣಬೇಕು. ಆಮೇಲೆ ರಬ್ಬರಿನ ಅಂಟು ಸವರಿ, ಬೆರಳಿಗೆ ಇಂಗಾಲದ ಪುಡಿ ಹಚ್ಚಿಕೊಂಡು ತಿಕ್ಕಿದ. ಬೆಳಕಿಗೆ ಹಿಡಿದು ನೋಡಿದರೆ ತನಗೇ ಕಾಣಲಿಲ್ಲ.

ಒಂದು ಚಿಂತೆ ಉಳಿದಿತ್ತು. ಅಯ್ಯಮ್ಮ. ಮೊದಲ ಸವಾರಿಗೆ ಮುದುಕಿ ತಾನೂ ಕೂರುತ್ತೇನೆಂದು ಹಟ ಮಾಡಿದರೆ? ಬಂಡೆಗಳ ನಡುವೆ ಅವಳು ಬಿದ್ದಿರುವುದನ್ನು ಮಾತ್ರ ಅವನಿಗೆ ನೆನೆಸಿಕೊಳ್ಳಲಾಗಲಿಲ್ಲ. ಶುಕ್ರವಾರ ಸಂಜೆಯೇ ಫೋನು ಮಾಡಿದ. “ಮೊದಲ ಏರಿಗಿ ಅವ್ವನ್ನ ಕೂಡಿಸಬ್ಯಾಡ ಶಾಂತ್ಯಾ. ಯಾರನ್ನೂ ಕೂಡಿಸಬ್ಯಾಡ. ಭಾರ ಕಡಿಮಿ ಇರಲಿ,” ಎಂದ. ಶಾಂತಕುಮಾರ ಒಪ್ಪಿದ. ಅಂದು ಸಂಗಮನಾಥ ನೆಮ್ಮದಿಯಿಂದ ಉಂಡ. ತಾನು ಕೆಟ್ಟವನಲ್ಲ, ಯಾರಿಗೆ ಬೇಕೋ ಅವರ ಹೊರತು ಬೇರೆಯವರ ಕೂದಲೂ ಕೊಂಕದಂತೆ ನೋಡಿಕೊಳ್ಳುವವನು ಎಂದು ಅವನಿಗೆ ಅನ್ನಿಸಿತ್ತು.

ಶನಿವಾರ ಮೂರು ಗಂಟೆಗೆ ಶಾಂತಕುಮಾರ ಬಂದ. ಸಂಗಮನಾಥ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದು, ಕೊಯ್ದ ಜಾಗವನ್ನು ಎಡ ಅಂಗೈಯೊಳಗೆ ಮುಚ್ಚಿಕೊಂಡು, ಉಳಿದ ಭಾಗವನ್ನು ಹಿಂದುಮುಂದಾಗಿ ಬಗ್ಗಿಸಿ ತೋರಿಸಿದ. ಇಪ್ಪತ್ತಾರು ವರ್ಷ ಗಿರಾಕಿಗಳಿಗೆ ತೋರಿಸಿದ ಅದೇ ಕೈಚಳಕ.

“ನೋಡು, ಎಲ್ಲಿ ಬಿರುಕದ? ಹಲ್ಲು ಬೆಲ್ಟು. ಸಣ್ಣ ಪುಲ್ಲಿ ಮ್ಯಾಲೆ ಇದರಂಗ ಬಾಗೋದು ಬ್ಯಾರೆ ಇಲ್ಲ. ಕಾಯಂಗಿಲ್ಲ, ಜಾರಂಗಿಲ್ಲ.”

ಶಾಂತಕುಮಾರ ಹಲ್ಲುಗಳ ಮೇಲೆ ಬೆರಳಾಡಿಸಿ ನಕ್ಕ. “ಇದು ನನಗ ಹೊಳೀಲೇ ಇಲ್ಲ ನೋಡಣ್ಣ. ಅದಕ್ಕ ನಿನ್ನ ಹತ್ರ ಬಂದೇನಿ.” ಬೆಲ್ಟನ್ನು ತೆಗೆದುಕೊಳ್ಳಲು ಕೈ ಚಾಚಿದವನು ನಡುವೆ ನಿಂತ. “ಇನ್ನೊಂದು ಮಾತು ಮನಸಿನಾಗ ಕುಂತದ. ಪೇಪರಿನವರಿಗಿ ನಾ ಹೇಳಿದ್ದೆ, ಈ ಭಾಗದಾಗ ಮೊದಲು ಗಾಡಿ ಕಟ್ಟಿದಾವ ಸಂಗಣ್ಣ, ಶಹಾಪುರದ ಬಸ್‌ಸ್ಟ್ಯಾಂಡ್ ಮುಂದ ಓಡಿಸ್ಯಾನ ಅಂತ. ಅವರು ಬರೀಲೇ ಇಲ್ಲ. ನನಗ ಭಾಳ ಕೆಟ್ಟ ಅನಿಸ್ತು.”

ಅಂಗಡಿಯ ಫ್ಯಾನು ತಿರುಗುತ್ತಿತ್ತು. ಸಂಗಮನಾಥನ ಎಡ ಅಂಗೈಯೊಳಗೆ ಆ ಮೂರು ಸಂದಿಗಳು ಇನ್ನೂ ಇದ್ದವು. ಗೋಡೆಯ ಮೊಳೆಗೆ ಅದೇ ಅಳತೆಯ ಬೇರೆ ಬೆಲ್ಟುಗಳು ಕೈಗೆಟುಕುವಷ್ಟು ಹತ್ತಿರ ತೂಗುತ್ತಿದ್ದವು. ಇದರಲ್ಲೇನೋ ಐಬಿದೆ ತಡಿ, ಬೇರೆ ಕೊಡುತ್ತೇನೆ ಎಂದರೆ ಸಾಕಿತ್ತು. ಓಡಿಸ್ಯಾನ ಎಂದನಲ್ಲ, ನಿಂತಿತು ಅನ್ನಲಿಲ್ಲವಲ್ಲ ಎಂದು ಅವನ ಕಣ್ಣು ಆ ಮೊಳೆಯ ಕಡೆ ಹೊರಳಿತು. ಮರುಕ್ಷಣವೇ, ಇವನು ನನಗೆ ಕರುಣೆ ತೋರಿಸುತ್ತಿದ್ದಾನೆ ಎನ್ನಿಸಿತು. ಪೆಟ್ಟಿಗೆ ತೆಗೆದುಕೊಂಡವನು ಕರುಣೆಯನ್ನೂ ತಾನೇ ಕೊಡುತ್ತಿದ್ದಾನೆ. ಅವನು ಅಂಗೈ ಬಿಚ್ಚಿ ಬೆಲ್ಟನ್ನು ಸುತ್ತಿ, ಕಾಗದದ ಪಟ್ಟಿಯೊಳಗೆ ತೂರಿಸಿ ಕೊಟ್ಟ.

“ಗುಡ್ಡ ಏರಿದ ಮ್ಯಾಲೆ ಫೋನ್ ಮಾಡು,” ಎಂದ.

“ನಿನಗೇ ಮೊದಲು ಮಾಡ್ತೀನಿ. ವೈನೀನ್ನೂ ಮಾತಾಡಿಸಿ ಹೋಗ್ತೀನಿ, ಭಾಳ ದಿನ ಆತು,” ಎಂದು ಶಾಂತಕುಮಾರ ಮೆಟ್ಟಿಲಿಳಿದ. ವೈನಿ ಎಂದರೆ ಕಸ್ತೂರಿ. ಊರಿಗೆ ಬಂದಾಗಲೆಲ್ಲ ಅವಳ ಕೈಯ ಚಹಾ ಕುಡಿದು ಹೋಗುವುದು ಅವನ ವಾಡಿಕೆ.

ಸಂಗಮನಾಥ ಅಂಗಡಿಯಿಂದಲೇ ಯಾದಗಿರಿಯ ಬಸ್ಸು ಹಿಡಿದ. ಮನೆಗೆ ಹೋಗಿ ಶಾಂತಕುಮಾರನ ಮುಖವನ್ನು ಇನ್ನೊಮ್ಮೆ ನೋಡುವುದು ಅವನಿಗೆ ಬೇಡವಾಗಿತ್ತು. ಭೀಮಾ ನದಿಯ ಸೇತುವೆ ದಾಟುವಾಗ ಮನಸ್ಸಿನಲ್ಲಿ ಲೆಕ್ಕ ಒಪ್ಪಿಸಿಕೊಂಡ. ಬೆಲ್ಟು ಕಂಪನಿಯದು, ಹರಿಯುವುದು ಬೆಲ್ಟಿನ ಗುಣ. ಬ್ರೇಕು ಹಾಗೆ ಕೂಡಿಸಿದವನು ಶಾಂತಕುಮಾರನೇ, ಯಾವ ಇಂಜಿನಿಯರು ಬಂದು ನೋಡಿದರೂ ಮೊದಲು ಕಾಣುವುದು ಆ ತಪ್ಪೇ. ಮನೆಯಲ್ಲಿ ಕಟ್ಟಿದ ಗಾಡಿ, ಪರವಾನಗಿ ಇಲ್ಲ, ಗುಡ್ಡದ ರಸ್ತೆ. ತಾನಾದರೋ ಮುದುಕಿಯನ್ನು ಕೂಡಿಸಬೇಡ ಎಂದು ಎಚ್ಚರ ಹೇಳಿದವನು. ಎಲ್ಲಿಯೂ ಒಂದು ಎಳೆ ಸಡಿಲವಿರಲಿಲ್ಲ. ಆದರೂ ರಾತ್ರಿ ಭೀಮರಾಯನ ಹೊಸ ಮನೆಯ ಮಾಳಿಗೆಯ ಮೇಲೆ ಅವನಿಗೆ ನಿದ್ದೆ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಅವನು ಎಲ್ಲರ ಕಣ್ಣಿಗೆ ಬೀಳುವಂತೆ ಓಡಾಡಿದ. ಜಂಗಮರಿಗೆ ಪಾದಪೂಜೆಯ ನೀರು ತಂದ, ಶಾಮಿಯಾನದ ಹಗ್ಗ ಬಿಗಿದ, ಬೀಗರ ಜೊತೆ ನಿಂತು ಫೋಟೋ ತೆಗೆಸಿಕೊಂಡ. ಸಂಜೆ ಐದೂವರೆಗೆ ಫೋನು ಬಂದಾಗ ಏನು ಹೇಳಬೇಕೆಂದು ಮೊದಲೇ ಜೋಡಿಸಿಟ್ಟಿದ್ದ. ಮೊದಲು ಸ್ವಲ್ಪ ಹೊತ್ತು ಸುಮ್ಮನಿರುವುದು, ಆಮೇಲೆ “ಅವ್ವಗ ಹೇಳ್ಯಾರೇನು?” ಎಂದು ಕೇಳುವುದು. ಬ್ರೇಕಿನ ವಿಷಯ ತಾನಾಗಿ ಎತ್ತುವುದಿಲ್ಲ, ಪೊಲೀಸರು ಕೇಳಿದರೆ ಮಾತ್ರ.

ಊಟದ ಮೊದಲ ಪಂಕ್ತಿ ಕೂತಿತ್ತು. ಭೀಮರಾಯ ಅವನ ಎಲೆಗೆ ತಾನೇ ಹೋಳಿಗೆ ಹಾಕಿ, “ಏನ್ ಸಂಗಣ್ಣ, ಮುಂಜಾನಿಂದ ಮೊಬೈಲೇ ನೋಡಾಕತ್ತೀರಿ. ವೈನಿ ಇಲ್ಲಂತ ಬ್ಯಾಸರೇನು?” ಎಂದು ಚೇಷ್ಟೆ ಮಾಡಿದ. ಪಂಕ್ತಿಯವರು ನಕ್ಕರು, ಸಂಗಮನಾಥನೂ ನಕ್ಕ. ಆಗಲೇ ಜೇಬಿನಲ್ಲಿ ಫೋನು ನಡುಗಿತು. ಗಂಟೆ ಹನ್ನೆರಡು ಹತ್ತು. ಪರದೆಯ ಮೇಲೆ ಶಾಂತಕುಮಾರನ ಹೆಸರು. ಮೊದಲಿನಿಂದಲೂ ಅವಸರದವನು, ಸಂಜೆಯ ತನಕ ತಡೆದುಕೊಂಡಿಲ್ಲ, ಅವನ ಫೋನಿನಿಂದ ಬೇರೆ ಯಾರೋ ಮಾಡುತ್ತಿದ್ದಾರೆ ಎಂದುಕೊಂಡ. ಎಂಜಲು ಕೈಯಲ್ಲೇ ಎದ್ದು ಶಾಮಿಯಾನದಾಚೆಗೆ ಹೋದ. ಮುಖವನ್ನು ಸರಿಯಾಗಿ ಜೋಡಿಸಿಕೊಂಡು ಫೋನನ್ನು ಕಿವಿಗೆ ಹಿಡಿದ.

“ಅಣ್ಣಾ, ಇದ್ದಲ್ಲಿಂದ ಹೊರಡು,” ಎಂದಿತು ಶಾಂತಕುಮಾರನದೇ ದನಿ. ಅವನು ಅಳುತ್ತಿದ್ದ. “ವೈನಿ ಹೋದ್ರು ಅಣ್ಣ. ನಿಮ್ಮ ಗಿರಣ್ಯಾಗ ಬೆಲ್ಟು ಹರಿದು ಕಪಾಳಕ್ಕ ಬಡೀತು, ಬಿದ್ದ ರಭಸಕ್ಕ ತಲಿ ಮೋಟರಿನ ಕಬ್ಬಿಣಕ್ಕ ಹತ್ತಿತು. ದವಾಖಾನಿಗಿ ಒಯ್ಯೋದ್ರಾಗ ಜೀವ ಇರಲಿಲ್ಲ. ಜಾಲರಿ ಇದ್ದಿದ್ರ ಉಳೀತಿದ್ರು.” ಸಂಗಮನಾಥನಿಗೆ ಜೋಡಿಸಿಟ್ಟ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ. ಯಾವ ಬೆಲ್ಟು ಎಂದಷ್ಟೇ ಕೇಳಿದ. “ನೀ ಕೊಟ್ಟದ್ದೇ ಅಣ್ಣ. ನಿನ್ನೆ ಸಂಜಿ ನಾನೇ ವೈನಿಗಿ ಹೇಳಿ ಹಾಕಿಸಿದ್ದೆ, ಇವತ್ತು ಮಧ್ಯಾಹ್ನದ ತನಕ ಓಡಲಿ, ಆಮ್ಯಾಲೆ ಬಿಚ್ಕೊಂಡು ಹೋಗ್ತೀನಿ ಅಂತ. ಹೊಸಾ ಬೆಲ್ಟು ಹಿಗ್ಗತದ, ಒಂದು ದಿನ ಗಿರಣ್ಯಾಗ ಓಡಿಸಿ ಪಳಗಿಸಲಾರದ ಗಾಡಿಗಿ ಹಾಕಬಾರದು ಅಂತ ಉಸ್ತಾದರು ದಿನಾ ನನ್ನ ಕಳಸ್ತಿದ್ದಿಲ್ಲೇನು, ನೀ ನೋಡೀದಿ. ನಿನ್ನ ಗಾಡಿ ಬೆಲ್ಟು ಅವತ್ತು ಸುಟ್ಟದ್ದೂ ಅದಕ್ಕೇ ಅಂತಿದ್ರು.” ಶಾಮಿಯಾನದ ಒಳಗೆ ಎರಡನೆಯ ಪಂಕ್ತಿಗೆ ಎಲೆ ಹಾಕುತ್ತಿದ್ದರು, ಭೀಮರಾಯ ಅವನ ಹೆಸರು ಹಿಡಿದು ಕೂಗುತ್ತಿದ್ದ. “ಇನ್ನೊಂದು ಕೇಳಣ್ಣ,” ಎಂದ ಶಾಂತಕುಮಾರ, ಮೂಗು ಒರೆಸಿಕೊಂಡು, ದನಿ ತಗ್ಗಿಸಿ. “ನಿನಗ ಯಾರೋ ಮೋಸ ಮಾಡ್ಯಾರ. ಹಲ್ಲಿನ ಸಂದ್ಯಾಗ ಬ್ಲೇಡಿನ ಗೆರಿ ಅದಾವ, ಮೂರು ಕಡಿ. ಪಳಗಿದ ಬೆಲ್ಟು ನೋಡಾಕಂತ ತಂದಿದ್ದ ಉಸ್ತಾದರ ಪೆಟಿಗ್ಯಾಗಿನ ಭೂತಗನ್ನಡಿ ಹಚ್ಚಿ ನೋಡೇನಿ. ನಾ ಅದನ್ನ ಪೊಲೀಸರ ಕೈಯಾಗ ಕೊಟ್ಟೇನಿ. ಅಂಥಾವನ್ನ ಬಿಡಬಾರದು ಅಣ್ಣ, ನೀ ಬಂದು ಯಾರು ಅಂತ ಹೇಳು.”